ಸೊರೊರಿಟಿಯ ಅಂತಸ್ತು ಎಲ್ಲಿಯವರೆಗೆ ನಡೆಯುತ್ತದೆ?

ಪ್ರಶ್ನೆ: ನಾವು ಮೂಲತಃ ಹುಬ್ಬಳ್ಳಿಯವರು. ಬಹಳ ವರ್ಷಗಳಿಂದ ಟೆಕ್ಸಾಸ್‌ನ ಡಲ್ಲಾಸ್ ಬಳಿ ಇದ್ದೇವೆ. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಬರುವ ಆಗಸ್ಟ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯ ಸೇರುತ್ತಾಳೆ. ತರಗತಿ ಶುರುವಾಗುವ ಮೊದಲೇ ‘ರಶ್’ ಎಂಬ ಆಯ್ಕೆ ಇದೆ, ಸೊರೊರಿಟಿಗೆ, ಅಂದರೆ ಅಲ್ಲಿನ ಹುಡುಗಿಯರ ಸಂಘಕ್ಕೆ, ಸೇರಿಯೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನನ್ನ ಯಜಮಾನರಿಗೆ ಇದು ಇಷ್ಟ. ದೊಡ್ಡ ಮನೆತನದ ಮಕ್ಕಳ ಸಂಗ, ಮುಂದೆ ಕೆಲಸಕ್ಕೂ ಅನುಕೂಲ ಎನ್ನುತ್ತಾರೆ. ಊರಿನಲ್ಲಿರುವ ಅತ್ತೆಯವರಿಗೆ ಅದು ಕುಡುಕ ಹುಡುಗರ ಸಹವಾಸ ಎಂಬ ಭಯ. ಅಮೆರಿಕನ್ನರು ಈ ಸಂಘಗಳನ್ನು ಹೇಗೆ ನೋಡುತ್ತಾರೆ? ಅವುಗಳಿಗೆ ಇದೆ ಎನ್ನುವ ಅಂತಸ್ತು ನಿಜವೇ? ನಮ್ಮ ಬಣ್ಣದ, ನಮ್ಮ ಹೆಸರಿನ ಹುಡುಗಿಗೆ ಅಲ್ಲಿ ಜಾಗವಿದೆಯೇ?

ಉತ್ತರ: ಟಸ್ಕಲೂಸಾ ಊರಿನಲ್ಲಿ, ಅಂದರೆ ನಿಮ್ಮ ಮಗಳು ಹೋಗುತ್ತಿರುವ ಆವರಣದಲ್ಲಿ, ಆ ಅಂತಸ್ತು ಕಣ್ಣಿಗೆ ಕಾಣುವಷ್ಟು ನಿಜ. ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹುಡುಗರ ಫ್ರೆಟರ್ನಿಟಿ ಅಥವಾ ಹುಡುಗಿಯರ ಸೊರೊರಿಟಿಗಳಲ್ಲಿದ್ದಾರೆ. ವಿದ್ಯಾರ್ಥಿ ಸರ್ಕಾರದ ಚುನಾವಣೆ, ಫುಟ್‌ಬಾಲ್ ಪಂದ್ಯದ ದಿನದ ಸಂಭ್ರಮ, ವಾರಾಂತ್ಯದ ಓಡಾಟ ಎಲ್ಲದರಲ್ಲೂ ಅವರ ಕೈ ಮೇಲು. ಅಲಬಾಮಾ, ಮಿಸಿಸಿಪ್ಪಿ, ಜಾರ್ಜಿಯಾದಂಥ ದಕ್ಷಿಣದ ರಾಜ್ಯಗಳ ವಕೀಲರು, ಬ್ಯಾಂಕಿನವರು, ಜಮೀನು ವ್ಯವಹಾರದವರು, ರಾಜಕಾರಣಿಗಳ ನಡುವೆ ಆ ಗುರುತು ಪದವಿ ಮುಗಿದ ಮೇಲೂ ಬಾಳುತ್ತದೆ. ಅದೇ ಗುರುತನ್ನು ಹಿಡಿದು ಬಾಸ್ಟನ್‌ನ ಪ್ರಯೋಗಾಲಯಕ್ಕೋ ಸಿಯಾಟಲ್‌ನ ಸಾಫ್ಟ್‌ವೇರ್ ಕಂಪನಿಗೋ ಹೋದರೆ ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಕೆಲವರು ಮನಸ್ಸಿನಲ್ಲೇ ಒಂದು ಅಂಕ ಕಳೆದರೂ ಕಳೆದಾರು. ನಿಮ್ಮ ಯಜಮಾನರು ಹೇಳುವ ಅನುಕೂಲಕ್ಕೆ ಹೀಗೆ ಒಂದು ಭೂಗೋಳವಿದೆ. ಮಗಳು ಮುಂದೆ ಎಲ್ಲಿ ಬದುಕಬೇಕೆಂದಿದ್ದಾಳೆ ಎಂಬುದನ್ನು ಬಿಟ್ಟು ಆ ಅನುಕೂಲವನ್ನು ಅಳೆಯಲು ಬರುವುದಿಲ್ಲ.

ಅತ್ತೆಯವರಿಗೆ ತಿಳಿಸಿ ಹೇಳಲು ನೆರವಾಗಲೆಂದು ಇದರ ರೂಪವನ್ನು ಚುಟುಕಾಗಿ ಹೇಳುತ್ತೇನೆ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ರಾಷ್ಟ್ರಮಟ್ಟದ ಸಂಘಗಳಿವೆ. ದೊಡ್ಡ ಸಂಘಗಳಿಗೆ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಶಾಖೆಗಳು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಶಾಖೆಗೆ ಸ್ವಂತ ಮನೆ ಇರುತ್ತದೆ. ಅಲ್ಲಿ ಕೆಲವರು ವಾಸಿಸುತ್ತಾರೆ, ಉಳಿದವರು ಊಟಕ್ಕೆ, ಸಭೆಗೆ ಬಂದು ಹೋಗುತ್ತಾರೆ. ಸೇರಿದವರು ಪ್ರತಿ ಸೆಮಿಸ್ಟರ್‌ಗೆ ಸಾವಿರಾರು ಡಾಲರ್ ಶುಲ್ಕ ಕಟ್ಟುತ್ತಾರೆ. ಆಯ್ಕೆಯ ವಾರವೇ ರಶ್. ಅಲಬಾಮಾದಲ್ಲಿ ಎರಡೂವರೆ ಸಾವಿರದಷ್ಟು ಹುಡುಗಿಯರು ಆಗಸ್ಟ್‌ನ ಸುಡು ಬಿಸಿಲಿನಲ್ಲಿ ಮನೆಯಿಂದ ಮನೆಗೆ ಹೋಗಿ ಮಾತನಾಡುತ್ತಾರೆ. ದಿನ ಕಳೆದಂತೆ ಮನೆಗಳು ಇವರನ್ನು ಕೈಬಿಡುತ್ತ ಹೋಗುತ್ತವೆ, ಇವರೂ ಮನೆಗಳನ್ನು ಕೈಬಿಡುತ್ತ ಹೋಗುತ್ತಾರೆ. ಕೊನೆಯಲ್ಲಿ ಎರಡೂ ಕಡೆಯ ಇಷ್ಟಗಳ ಪಟ್ಟಿಯನ್ನು ಹೊಂದಿಸಿ ಒಬ್ಬೊಬ್ಬರಿಗೆ ಒಂದು ಆಹ್ವಾನ ಬರುತ್ತದೆ. ಅದನ್ನು ‘ಬಿಡ್’ ಎನ್ನುತ್ತಾರೆ. ಬಿಡ್ ಸಿಗುವ ದಿನ ಅವರೆಲ್ಲ ಕ್ರೀಡಾಂಗಣದಲ್ಲಿ ಲಕೋಟೆ ಒಡೆದು ತಮ್ಮ ತಮ್ಮ ಮನೆಗಳತ್ತ ಓಡುತ್ತಾರೆ. 2021ರಲ್ಲಿ ಇಲ್ಲಿನ ಹುಡುಗಿಯರು ತಮ್ಮ ದಿನದಿನದ ಉಡುಪನ್ನು ತೋರಿಸಿ ಟಿಕ್‌ಟಾಕ್‌ನಲ್ಲಿ ಹಾಕಿದ ವಿಡಿಯೊಗಳು ದೇಶವಿಡೀ ಹರಡಿದವು. ನಿಮ್ಮ ಮಗಳ ಹಟದ ಹಿಂದೆ ಅವೂ ಇರಬಹುದು. ಈಗಂತೂ ರಶ್‌ಗೆ ತಯಾರು ಮಾಡಲು ಸಾವಿರಾರು ಡಾಲರ್ ತೆಗೆದುಕೊಳ್ಳುವ ಸಲಹೆಗಾರರೇ ಇದ್ದಾರೆ. ಅಂಥವರಿಗೆ ದುಡ್ಡು ಕೊಡಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ಇವು ಹುಟ್ಟಿದ್ದು ಮೇಲು ಕೀಳಿನ ಲೆಕ್ಕಕ್ಕಾಗಿ ಎಂದರೆ ಅನ್ಯಾಯವಾದೀತು. 1776ರ ಡಿಸೆಂಬರ್‌ನಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಚರ್ಚೆ, ಪ್ರಬಂಧ, ಗೆಳೆತನಕ್ಕಾಗಿ ಫೈ ಬೀಟಾ ಕಪ್ಪಾ ಎಂಬ ರಹಸ್ಯ ಕೂಟ ಕಟ್ಟಿದರು. ಈಗ ಅದು ಜಾಣ ವಿದ್ಯಾರ್ಥಿಗಳಿಗೆ ಸಲ್ಲುವ ಗೌರವವಾಗಿ ಉಳಿದಿದೆ. ನಾವು ಇಂದು ಕಾಣುವ ಬಗೆಯ ಫ್ರೆಟರ್ನಿಟಿ ಶುರುವಾದದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ. ಲ್ಯಾಟಿನ್ ಗ್ರೀಕ್ ಬಾಯಿಪಾಠ, ಕಡ್ಡಾಯ ಪ್ರಾರ್ಥನೆ, ಪಾದ್ರಿ ಅಧ್ಯಾಪಕರ ಕಣ್ಗಾವಲು ಇವುಗಳ ನಡುವೆ ಸಿಕ್ಕಿಬಿದ್ದ ಹುಡುಗರಿಗೆ ತಮ್ಮದೇ ಆದ ಒಂದು ಕೋಣೆ ಬೇಕಾಗಿತ್ತು. ಹೆಣ್ಣುಮಕ್ಕಳ ಕೂಟಗಳಿಗಂತೂ ಇನ್ನೂ ಗಟ್ಟಿ ಕಾರಣವಿತ್ತು. 1870ರಲ್ಲಿ ಇಂಡಿಯಾನಾದ ಒಂದು ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಥೀಟಾ ಕಟ್ಟಿದ ಹುಡುಗಿಯರು, ಗಂಡಸರದ್ದೇ ಆಗಿದ್ದ ತರಗತಿಗಳಿಗೆ ಆಗಷ್ಟೇ ಕಾಲಿಟ್ಟವರು. ಪಕ್ಕದಲ್ಲಿ ನಿಲ್ಲುವವರು ಬೇಕೆಂದು ಒಟ್ಟಾದರು. ನಿಮ್ಮ ಮಗಳು ಮನೆಯಿಂದ ದೂರ, ಸಾವಿರಾರು ಅಪರಿಚಿತರ ನಡುವೆ, ತನ್ನವರೆಂಬ ಒಂದು ಗುಂಪು ಬೇಕು ಎಂದು ಬಯಸುವುದೂ ಅದೇ ಆಸೆ. ಅದನ್ನು ಹಗುರ ಮಾಡಬೇಡಿ.

ಆದರೆ ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಆಯ್ಕೆ ಇದ್ದಲ್ಲಿ ಯಾರನ್ನು ಹೊರಗಿಡಬೇಕು ಎಂಬುದೂ ಬಂದೇ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಲೇಜಿಗೆ ಯಹೂದಿ, ಕ್ಯಾಥೊಲಿಕ್, ಕಪ್ಪು ವಿದ್ಯಾರ್ಥಿಗಳು ಬರತೊಡಗಿದಾಗ ಹಳೆಯ ಸಂಘಗಳು ಬಾಗಿಲು ಬಿಗಿ ಮಾಡಿದವು. ಬಿಳಿಯ ಕ್ರೈಸ್ತರಿಗೆ ಮಾತ್ರ ಪ್ರವೇಶ ಎಂದು ಎಷ್ಟೋ ಸಂಘಗಳು ನಿಯಮಾವಳಿಯಲ್ಲೇ ಬರೆದುಕೊಂಡವು. ಹೊರಗೆ ಉಳಿದವರು ತಮ್ಮದೇ ಮನೆ ಕಟ್ಟಿಕೊಂಡರು: ಯಹೂದಿ ವಿದ್ಯಾರ್ಥಿಗಳ ಜೀಟಾ ಬೀಟಾ ಟಾವ್ 1898ರಲ್ಲಿ, ಕಪ್ಪು ವಿದ್ಯಾರ್ಥಿಗಳ ಆಲ್ಫಾ ಫೈ ಆಲ್ಫಾ ಕಾರ್ನೆಲ್‌ನಲ್ಲಿ 1906ರಲ್ಲಿ. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆಯ ಹುಡುಗರು ಕಪ್ಪು ಸಹಪಾಠಿಯೊಬ್ಬನನ್ನು ಸೇರಿಸಿಕೊಂಡಾಗ ಅವರ ರಾಷ್ಟ್ರೀಯ ಸಂಘ ಆ ಶಾಖೆಯನ್ನೇ ಹೊರಹಾಕಿತು. ವಿದ್ಯಾರ್ಥಿಗಳು ಒಪ್ಪಿದರೂ ಹಿರಿಯರು ಒಪ್ಪದ ಈ ರೀತಿಯನ್ನು ಗಮನದಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಸಂಘಗಳ ನಡುವೆಯೇ ಮೇಲು ಕೀಳು ಹೇಗೆ ಹುಟ್ಟುತ್ತದೆ ಎಂಬುದನ್ನು 1937ರಲ್ಲೇ ವಿಲ್ಲರ್ಡ್ ವಾಲರ್ ಎಂಬ ಸಮಾಜಶಾಸ್ತ್ರಜ್ಞ ಬರೆದಿಟ್ಟಿದ್ದಾರೆ. ಅವರು ಗಮನಿಸಿದ ಕಾಲೇಜಿನಲ್ಲಿ ಫ್ರೆಟರ್ನಿಟಿಗಳಿಗೆ ಎ, ಬಿ, ಸಿ, ಡಿ ಎಂಬ ದರ್ಜೆಗಳಿದ್ದವು. ಯಾರೂ ಅಧಿಕೃತವಾಗಿ ಬರೆದದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಹುಡುಗನ ಬೆಲೆ ಅವನ ಸಂಘ, ಉಡುಪು, ನಯವಾದ ಮಾತು, ಕಾರು ಇವುಗಳಿಂದ. ಹುಡುಗಿಯ ಬೆಲೆ ಮೇಲಿನ ದರ್ಜೆಯ ಹುಡುಗರು ಅವಳನ್ನು ಎಷ್ಟು ಬಯಸುತ್ತಾರೆ ಎಂಬುದರಿಂದ. ಇಂದು ‘ಟಾಪ್ ಹೌಸ್’, ‘ಬಾಟಮ್ ಹೌಸ್’ ಎಂದು ಹುಡುಗಿಯರು ಮಾತನಾಡುವುದನ್ನು ಕೇಳಿದರೆ ವಾಲರ್ ಬರೆದದ್ದು ಹಳತಾಗಿಲ್ಲ ಎನಿಸುತ್ತದೆ. ಯಾವ ಸೊರೊರಿಟಿ ಮೇಲು? ಮೇಲಿನ ಫ್ರೆಟರ್ನಿಟಿಗಳು ಯಾರನ್ನು ಪಾರ್ಟಿಗೆ ಕರೆಯುತ್ತವೆಯೋ ಅದು. ಯಾವ ಫ್ರೆಟರ್ನಿಟಿ ಮೇಲು? ಮೇಲಿನ ಸೊರೊರಿಟಿಗಳು ಎಲ್ಲಿಗೆ ಹೋಗುತ್ತವೆಯೋ ಅದು. ಓದು, ಸೇವೆ, ಸ್ವಭಾವ ಯಾವುದೂ ಈ ಸುತ್ತಿನೊಳಗೆ ಹಣಿಕಿ ಹಾಕುವುದಿಲ್ಲ. ಮನೆಯ ದರ್ಜೆಯನ್ನು ಹುಡುಗಿ ಹೊತ್ತು ತಿರುಗುತ್ತಾಳೆ, ಅವಳ ಗುಣಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಇದನ್ನು ತಾನು ಪಡೆದ ಅಂಕವೆಂದೇ ಅವಳು ತಿಳಿಯುವ ಅಪಾಯವಿದೆ. ಕುಡಿತಕ್ಕಿಂತ ನನಗೆ ಹೆಚ್ಚು ಚಿಂತೆ ಇದರ ಬಗ್ಗೆ.

ಇಷ್ಟೆಲ್ಲ ಶ್ರಮಪಟ್ಟು ದರ್ಜೆ ಕಾಯುವುದು ಯಾತಕ್ಕೆ? 1965ರಲ್ಲಿ ಜಾನ್ ಫಿನ್ಲಿ ಸ್ಕಾಟ್ ಎಂಬ ವಿದ್ವಾಂಸ ಅಮೆರಿಕದ ಪ್ರಮುಖ ಸಮಾಜಶಾಸ್ತ್ರ ಪತ್ರಿಕೆಯಲ್ಲಿ ಕೊಟ್ಟ ಉತ್ತರ ನಮ್ಮ ಕಡೆಯವರಿಗೆ ತಟ್ಟನೆ ಅರ್ಥವಾಗುವಂಥದ್ದು. ಮಗಳು ಓದಲು ಮನೆ ಬಿಟ್ಟು ದೂರ ಹೋದಾಗ, ಅವಳು ಯಾರನ್ನು ಪ್ರೀತಿಸುತ್ತಾಳೆ, ಯಾರನ್ನು ಮದುವೆಯಾಗುತ್ತಾಳೆ ಎಂಬುದು ತಂದೆತಾಯಿಯ ಕೈ ತಪ್ಪಿಹೋಗುತ್ತದೆ. ಸೊರೊರಿಟಿ ಅಲ್ಲಿ ಅವರ ಕೆಲಸವನ್ನು ಮಾಡುತ್ತದೆ: ಸರಿಯಾದ ವರ್ಗದ, ಸರಿಯಾದ ಧರ್ಮದ, ಸರಿಯಾದ ಬಣ್ಣದ ಹುಡುಗರ ನಡುವೆಯೇ ಅವಳ ಸಂಜೆಗಳು ಕಳೆಯುವಂತೆ ನೋಡಿಕೊಳ್ಳುತ್ತದೆ. ಹಳೆಯ ಸದಸ್ಯೆಯರ ಶಿಫಾರಸು ಪತ್ರ, ತಾಯಿ ಅಜ್ಜಿ ಸದಸ್ಯೆಯರಾಗಿದ್ದರೆ ಮೊಮ್ಮಗಳಿಗೆ ಆದ್ಯತೆ, ಇವೆಲ್ಲ ಆ ಏರ್ಪಾಡಿನ ಭಾಗ. ಒಳಬಾಂಧವ್ಯದ ಮದುವೆಯನ್ನು, ಅಂದರೆ ತಮ್ಮ ಗುಂಪಿನೊಳಗೇ ಆಗುವ ಮದುವೆಯನ್ನು, ಯಾರೂ ಬಾಯಿಬಿಟ್ಟು ಹೇಳದೆ ನಡೆಸುವ ಉಪಾಯ ಇದು ಎಂಬುದು ಸ್ಕಾಟ್ ಅವರ ವಾದದ ತಿರುಳು.

ಇದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತೈದರ ತರುಣ ಭೀಮರಾವ್ ಅಂಬೇಡ್ಕರ್. 1916ರ ಮೇ ತಿಂಗಳಲ್ಲಿ, ಒಂದು ವಿಚಾರ ಸಂಕಿರಣದಲ್ಲಿ, ಜಾತಿಯ ಜೀವಾಳ ಒಳಬಾಂಧವ್ಯದ ಮದುವೆ, ಉಳಿದ ಕಟ್ಟಳೆಗಳೆಲ್ಲ ಅದನ್ನು ಕಾಯಲು ಹುಟ್ಟಿದವು ಎಂದು ಅವರು ತೋರಿಸಿಕೊಟ್ಟರು. ಅವರು ಮಾತನಾಡುತ್ತಿದ್ದದ್ದು ಭಾರತದ ಬಗ್ಗೆ. ಅದೇ ಹೊತ್ತಿಗೆ ಅಮೆರಿಕದ ಆವರಣಗಳಲ್ಲಿ ಬಿಳಿಯ ಕ್ರೈಸ್ತ ಕುಟುಂಬಗಳು ತಮ್ಮ ಹೆಣ್ಣುಮಕ್ಕಳಿಗಾಗಿ ಮನೆಗಳನ್ನು ಕಟ್ಟಿಸುತ್ತಿದ್ದವು. ಸೊರೊರಿಟಿಯನ್ನು ಜಾತಿ ಎಂದು ಕರೆಯುವುದು ತಪ್ಪಾಗುತ್ತದೆ. ಹುಟ್ಟಿನಿಂದ ಬರದ, ಬೇಡವೆಂದರೆ ಬಿಟ್ಟುಬಿಡಬಹುದಾದ, ಹಸಿವು ಹೊಲಸು ಹೊರಿಸದ ಸಂಸ್ಥೆ ಅದು. ಆದರೆ ಅಂತಸ್ತನ್ನು ಕಾಯುವ ಬಾಗಿಲಲ್ಲಿ ಮದುವೆಯ ಲೆಕ್ಕಾಚಾರ ಕುಳಿತಿರುತ್ತದೆ ಎಂಬುದನ್ನು ಕಾಣಲು ಅಂಬೇಡ್ಕರ್ ಕೊಟ್ಟ ಕಣ್ಣು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ದೊಡ್ಡ ಮನೆತನದ ಸಂಗ ಎಂದು ಸಂತೋಷಪಡುವಾಗ ಆ ಮನೆತನಗಳು ಈ ಬಾಗಿಲನ್ನು ಯಾರಿಗಾಗಿ ಕಟ್ಟಿದವು, ಯಾರನ್ನು ತಡೆಯಲು ಕಟ್ಟಿದವು ಎಂಬುದೂ ನಿಮ್ಮ ಯಜಮಾನರಿಗೆ ಗೊತ್ತಿರಲಿ.

ಹಳೆಯ ಕಥೆ, ಈಗೇಕೆ ಎನ್ನಬಹುದು. ನಿಮ್ಮ ಮಗಳು ಹೋಗುತ್ತಿರುವ ವಿಶ್ವವಿದ್ಯಾಲಯದ್ದೇ ಉದಾಹರಣೆ ಕೊಡುತ್ತೇನೆ. 1963ರ ಜೂನ್ 11ರಂದು ಕಪ್ಪು ವಿದ್ಯಾರ್ಥಿಗಳ ಪ್ರವೇಶ ತಡೆಯಲು ರಾಜ್ಯಪಾಲ ಜಾರ್ಜ್ ವಾಲೆಸ್ ಬಾಗಿಲಲ್ಲಿ ನಿಂತದ್ದು ಇಲ್ಲೇ. ಐವತ್ತು ವರ್ಷಗಳ ನಂತರ, 2013ರ ಸೆಪ್ಟೆಂಬರ್‌ನಲ್ಲಿ, ವಿದ್ಯಾರ್ಥಿಗಳೇ ನಡೆಸುವ ‘ಕ್ರಿಮ್ಸನ್ ವೈಟ್’ ಪತ್ರಿಕೆ ಒಂದು ವರದಿ ಪ್ರಕಟಿಸಿತು. ಓದಿನಲ್ಲಿ, ಸೇವೆಯಲ್ಲಿ ಎಲ್ಲದರಲ್ಲೂ ಮುಂದಿದ್ದ ಕಪ್ಪು ಹುಡುಗಿಯೊಬ್ಬಳನ್ನು ಬಿಳಿಯರ ಸೊರೊರಿಟಿಗಳು ಒಂದೊಂದಾಗಿ ಕೈಬಿಟ್ಟಿದ್ದವು. ಒಳಗಿನ ಹುಡುಗಿಯರೇ ಮುಂದೆ ಬಂದು, ತಮಗೆ ಅವಳು ಬೇಕಾಗಿದ್ದಳು, ತಡೆದವರು ಹಳೆಯ ಸದಸ್ಯೆಯರು ಎಂದರು. ಆಮ್‌ಹರ್ಸ್ಟ್‌ನ ಕಥೆಯೇ ಮತ್ತೆ. ವಿದ್ಯಾರ್ಥಿಗಳು, ಅಧ್ಯಾಪಕರು ಮೆರವಣಿಗೆ ಮಾಡಿದರು, ವಿಶ್ವವಿದ್ಯಾಲಯದ ಅಧ್ಯಕ್ಷೆ ಮತ್ತೆ ಆಹ್ವಾನ ಕೊಡುವಂತೆ ಆದೇಶಿಸಿದರು, ಕೆಲವೇ ದಿನಗಳಲ್ಲಿ ಹಲವು ಕಪ್ಪು ಹುಡುಗಿಯರು ಆ ಮನೆಗಳಿಗೆ ಸೇರಿದರು. ಎರಡೇ ವರ್ಷದ ಮೇಲೆ ಒಕ್ಲಹೋಮಾ ವಿಶ್ವವಿದ್ಯಾಲಯದ ಸಿಗ್ಮಾ ಆಲ್ಫಾ ಎಪ್ಸಿಲಾನ್ ಹುಡುಗರು ಬಸ್ಸಿನಲ್ಲಿ ಕಪ್ಪು ಜನರನ್ನು ಹೀನವಾಗಿ ಬೈದು ಹಾಡುವ ವಿಡಿಯೊ ಹೊರಬಂತು. ಆ ಶಾಖೆ ಕೂಡಲೇ ಮುಚ್ಚಿತು. ಆ ಫ್ರೆಟರ್ನಿಟಿ 1856ರಲ್ಲಿ ಹುಟ್ಟಿದ ಊರು ಟಸ್ಕಲೂಸಾ.

ಹಾಗಾದರೆ ಅಮೆರಿಕನ್ನರು ಏನೆನ್ನುತ್ತಾರೆ? ಒಂದೇ ಅಭಿಪ್ರಾಯ ಸಿಗುವುದಿಲ್ಲ. ಬಹುಪಾಲು ಅಮೆರಿಕನ್ ವಿದ್ಯಾರ್ಥಿಗಳು ಇವುಗಳ ಹತ್ತಿರ ಸುಳಿಯುವುದೂ ಇಲ್ಲ; ಕೆಲಸ ಮಾಡುತ್ತ, ಮನೆಯಿಂದ ಓಡಾಡುತ್ತ ಓದುವವರಿಗೆ ಇದು ಬೇರೆ ಲೋಕದ ಸುದ್ದಿ. ದಕ್ಷಿಣದಲ್ಲಿ, ಇಂಡಿಯಾನಾ ಇಲಿನಾಯ್‌ನಂಥ ಮಧ್ಯದ ರಾಜ್ಯಗಳ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದು ಮನೆತನದ ಹೆಮ್ಮೆ. ಈಶಾನ್ಯದ ಸಣ್ಣ ಪ್ರತಿಷ್ಠಿತ ಕಾಲೇಜುಗಳಲ್ಲಿ ಇದೇ ತಲೆತಗ್ಗಿಸುವ ವಿಷಯ. ವಿಲಿಯಮ್ಸ್ ಕಾಲೇಜು 1962ರಲ್ಲೇ ಇವುಗಳನ್ನು ತೆಗೆದುಹಾಕಲು ತೊಡಗಿತು, ಕಾಲ್ಬಿ 1984ರಲ್ಲಿ ಮುಚ್ಚಿಸಿತು, ಬೋಡನ್ ಕೂಡ ನಂತರ ಅದೇ ದಾರಿ ಹಿಡಿಯಿತು. 2020ರಲ್ಲಿ ವ್ಯಾಂಡರ್ಬಿಲ್ಟ್‌ನಂಥ ದಕ್ಷಿಣದ ವಿಶ್ವವಿದ್ಯಾಲಯದಲ್ಲೇ ಸದಸ್ಯರು ಗುಂಪು ಗುಂಪಾಗಿ ರಾಜೀನಾಮೆ ಕೊಟ್ಟು ಈ ವ್ಯವಸ್ಥೆಯನ್ನೇ ರದ್ದು ಮಾಡಿ ಎಂದರು. ದುಡ್ಡು ಕೊಟ್ಟು ಗೆಳೆಯರನ್ನು ಕೊಳ್ಳುವವರು ಎಂಬುದು ಹೊರಗಿನವರ ಹಳೆಯ ಚುಚ್ಚುಮಾತು. ಸದಸ್ಯರಿಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ. ಅಧ್ಯಾಪಕರಲ್ಲಿ ಹೆಚ್ಚಿನವರಿಗೆ ಇವುಗಳ ಮೇಲೆ ಗೌರವ ಕಡಿಮೆ. ಹಳೆಯ ವಿದ್ಯಾರ್ಥಿಗಳ ದೇಣಿಗೆ ನೆಚ್ಚಿಕೊಂಡ ಆಡಳಿತದವರಿಗೆ ಇವು ಬೇಕು.

ರಾಷ್ಟ್ರಾಧ್ಯಕ್ಷರಾಗಿದ್ದವರಲ್ಲಿ ಜಾರ್ಜ್ ಬುಷ್ ತಂದೆ ಮಗ ಇಬ್ಬರೂ ಯೇಲ್‌ನಲ್ಲಿ ಡೆಲ್ಟಾ ಕಪ್ಪಾ ಎಪ್ಸಿಲಾನ್ ಸದಸ್ಯರು. ಅದೇ ಸಂಘದ ಮಿಷಿಗನ್ ಶಾಖೆಯಲ್ಲಿದ್ದ ಜೆರಾಲ್ಡ್ ಫೋರ್ಡ್ ಆ ಮನೆಯಲ್ಲಿ ಪಾತ್ರೆ ತೊಳೆದು ಓದಿದವರು. ರೊನಾಲ್ಡ್ ರೇಗನ್ ಇಲಿನಾಯ್‌ನ ಯುರೇಕಾ ಎಂಬ ಸಣ್ಣ ಕಾಲೇಜಿನಲ್ಲಿ ಟಾವ್ ಕಪ್ಪಾ ಎಪ್ಸಿಲಾನ್ ಸೇರಿದ್ದರು. ಇಂಥ ಹೆಸರುಗಳ ಪಟ್ಟಿಯನ್ನು ರಶ್ ದಿನಗಳಲ್ಲಿ ಹೆಮ್ಮೆಯಿಂದ ತೋರಿಸುತ್ತಾರೆ. ಆದರೆ ಹಾರ್ವರ್ಡ್‌ನಲ್ಲಿ ತಾನು ಬಯಸಿದ ಪೋರ್ಸೆಲಿಯನ್ ಕ್ಲಬ್ ಸೇರಿಸಿಕೊಳ್ಳದೆ ಕೈಬಿಟ್ಟ ಫ್ರಾಂಕ್ಲಿನ್ ರೂಸ್ವೆಲ್ಟ್ ನಾಲ್ಕು ಸಲ ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದರು. ಆ ನಿರಾಕರಣೆ ಅವರನ್ನು ಬಹುಕಾಲ ನೋಯಿಸಿತೆಂದು ಅವರ ಜೀವನ ಬರೆದವರು ಹೇಳುತ್ತಾರೆ. ರೂಸ್ವೆಲ್ಟ್ ಮನೆತನದ ಹುಡುಗನಿಗೇ ಅಷ್ಟು ನೋವಾಗಿದ್ದರೆ, ರಶ್‌ನ ಮೂರನೆಯ ದಿನ ಇಷ್ಟಪಟ್ಟ ಮನೆ ಕೈಬಿಟ್ಟಾಗ ನಿಮ್ಮ ಮಗಳು ಫೋನಿನಲ್ಲಿ ಅತ್ತರೆ ಆಶ್ಚರ್ಯಪಡಬೇಡಿ.

ಕೆಲಸಕ್ಕೆ ಅನುಕೂಲ ಎಂಬ ಮಾತಿಗೆ ಸ್ವಲ್ಪ ಆಧಾರವಿದೆ. ಗ್ಯಾಲಪ್ ಸಂಸ್ಥೆ ಪರ್ಡ್ಯೂ ವಿಶ್ವವಿದ್ಯಾಲಯದ ಜೊತೆ 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಈ ಸಂಘಗಳಲ್ಲಿದ್ದ ಪದವೀಧರರಲ್ಲಿ ಶೇ 43 ಮಂದಿ ತಮ್ಮ ಉದ್ಯೋಗದಲ್ಲಿ ಮನಸ್ಸಿಟ್ಟು ತೊಡಗಿದ್ದರು, ಉಳಿದವರಲ್ಲಿ ಶೇ 38. ಯೂನಿಯನ್ ಕಾಲೇಜಿನ ಅರ್ಥಶಾಸ್ತ್ರಜ್ಞರು ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಅಭ್ಯಾಸ ಮಾಡಿ, ಫ್ರೆಟರ್ನಿಟಿ ಸೇರಿದ ಹುಡುಗರ ಅಂಕದ ಸರಾಸರಿ ನಾಲ್ಕು ಅಂಕಗಳ ಅಳತೆಯಲ್ಲಿ ಕಾಲು ಅಂಕದಷ್ಟು ಇಳಿಯುತ್ತದೆ, ಮುಂದಿನ ಆದಾಯ ಮಾತ್ರ ಸುಮಾರು ಶೇ 36 ಏರುತ್ತದೆ ಎಂಬ ಅಂದಾಜಿಗೆ ಬಂದರು. ಇದು ಗಂಡುಹುಡುಗರ ಲೆಕ್ಕ, ಒಂದೇ ಕಾಲೇಜಿನ ಲೆಕ್ಕ ಎಂಬುದನ್ನು ಮರೆಯಬೇಡಿ. ಹುಡುಗಿಯರ ವಿಷಯದಲ್ಲಿ ಎಲಿಜಬೆತ್ ಆರ್ಮ್‌ಸ್ಟ್ರಾಂಗ್ ಮತ್ತು ಲಾರಾ ಹ್ಯಾಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞೆಯರು ಕಂಡದ್ದು ನಮಗೆ ಹೆಚ್ಚು ಹತ್ತಿರ. ಮಧ್ಯಭಾಗದ ಒಂದು ದೊಡ್ಡ ವಿಶ್ವವಿದ್ಯಾಲಯದ ಹಾಸ್ಟೆಲಿನ ಒಂದೇ ಮಹಡಿಯ ಹುಡುಗಿಯರನ್ನು ಅವರು ಐದು ವರ್ಷ ಬೆನ್ನು ಹತ್ತಿ ನೋಡಿದರು. ಶ್ರೀಮಂತ ಮನೆಯ ಹುಡುಗಿಯರು ಸೊರೊರಿಟಿ, ಪಾರ್ಟಿ, ಸುಲಭದ ವಿಷಯಗಳು ಎಂದು ಕಾಲ ಕಳೆದರೂ ತಂದೆಯ ಪರಿಚಯದಿಂದ ನ್ಯೂಯಾರ್ಕ್‌ನಲ್ಲಿ ಕೆಲಸ ಹಿಡಿದರು. ಅವರ ಹಿಂದೆಯೇ ಅದೇ ದಾರಿ ತುಳಿದ ಮಧ್ಯಮ ವರ್ಗದ ಹುಡುಗಿಯರು ಸಾಲ ಮತ್ತು ತೆಳ್ಳನೆಯ ಪದವಿ ಹೊತ್ತು ಮನೆಗೆ ಮರಳಿದರು. ಸಂಘದ ಪ್ರಯೋಜನ ಹೆಚ್ಚಾಗಿ ಸಿಕ್ಕಿದ್ದು ಅದರ ಅಗತ್ಯವೇ ಇಲ್ಲದವರಿಗೆ. ವಲಸೆ ಬಂದ ಕುಟುಂಬದವರು ನೆಚ್ಚಬೇಕಾದದ್ದು ಮಗಳ ಓದನ್ನು. ಸಂಘದ ಪರಿಚಯ ಅದರ ಮೇಲಿನ ಲಾಭ.

ಇನ್ನು ಅತ್ತೆಯವರ ಭಯ. ಅದನ್ನು ಹಳ್ಳಿಯ ಭಯ ಎಂದು ತಳ್ಳಿಹಾಕಬೇಡಿ. 1984ರ ಕೇಂದ್ರ ಕಾನೂನಿನ ಒತ್ತಡದಿಂದ ಕುಡಿಯುವ ವಯಸ್ಸು ಎಲ್ಲ ರಾಜ್ಯಗಳಲ್ಲಿ 21ಕ್ಕೆ ಏರಿತು. ಆಮೇಲೆ ಹತ್ತೊಂಬತ್ತರ ವಿದ್ಯಾರ್ಥಿಗಳಿಗೆ ಮದ್ಯ ಸಿಗುವ ಸುಲಭದ ಜಾಗ ಫ್ರೆಟರ್ನಿಟಿ ಮನೆಯಾಯಿತು. ರಾಷ್ಟ್ರೀಯ ಪ್ಯಾನ್‌ಹೆಲೆನಿಕ್ ಒಕ್ಕೂಟಕ್ಕೆ ಸೇರಿದ ಸೊರೊರಿಟಿಗಳು ತಮ್ಮ ಮನೆಗಳಲ್ಲಿ ಮದ್ಯವನ್ನು ಬಿಡುವುದಿಲ್ಲ. ಒಳ್ಳೆಯ ನಿಯಮವೆಂದು ತೋರುತ್ತದೆ, ಆದರೆ ಫಲ ಬೇರೆಯೇ ಆಯಿತು: ಪಾರ್ಟಿಗಳೆಲ್ಲ ಹುಡುಗರ ಮನೆಯಲ್ಲಿ ನಡೆಯುತ್ತವೆ, ಯಾರನ್ನು ಒಳಗೆ ಬಿಡಬೇಕು, ಏನು ಕುಡಿಸಬೇಕು, ರಾತ್ರಿ ಹೇಗೆ ಮರಳಬೇಕು ಎಂಬುದೆಲ್ಲ ಹುಡುಗರ ಕೈಯಲ್ಲಿರುತ್ತದೆ. ಲೈಂಗಿಕ ದೌರ್ಜನ್ಯದ ಅಪಾಯ ಇಲ್ಲಿ ಹೆಚ್ಚುವುದಕ್ಕೆ ಈ ಏರ್ಪಾಡೇ ಒಂದು ಕಾರಣವೆಂದು ಅದೇ ಸಂಶೋಧಕಿಯರು ತೋರಿಸಿದ್ದಾರೆ. ಮಗಳೊಡನೆ ಇದನ್ನು ಸಂಕೋಚವಿಲ್ಲದೆ ಮಾತನಾಡಿ. ಒಬ್ಬಳೇ ಹೋಗುವುದಿಲ್ಲ, ಒಬ್ಬಳನ್ನೇ ಬಿಟ್ಟು ಬರುವುದಿಲ್ಲ, ತಾನೇ ತೆರೆಯದ ಪಾನೀಯ ಮುಟ್ಟುವುದಿಲ್ಲ ಎಂಬ ಮಾತು ಅವಳಿಂದ ತೆಗೆದುಕೊಳ್ಳಿ. ಎಷ್ಟು ಹೊತ್ತಾದರೂ ಫೋನ್ ಮಾಡಬಹುದು, ಮೊದಲ ಐದು ನಿಮಿಷ ಬೈಯುವುದಿಲ್ಲ ಎಂಬ ಮಾತನ್ನು ನೀವು ಅವಳಿಗೆ ಕೊಡಿ.

ಹೊಸಬರನ್ನು ಹಿಂಸಿಸುವ ಪದ್ಧತಿಗೆ ಅಲ್ಲಿ ‘ಹೇಜಿಂಗ್’ ಎನ್ನುತ್ತಾರೆ. ನಮ್ಮ ರ‍್ಯಾಗಿಂಗ್‌ನ ಹತ್ತಿರದ ಸಂಬಂಧಿ. ವ್ಯತ್ಯಾಸವೆಂದರೆ ರ‍್ಯಾಗಿಂಗ್ ಬೇಡವೆಂದರೂ ಮೈಮೇಲೆ ಬೀಳುವಂಥದ್ದು, ಹೇಜಿಂಗ್‌ಗೆ ಮಕ್ಕಳು ಒಳಗೆ ಸೇರುವ ಆಸೆಯಿಂದ ತಾವೇ ತಲೆಕೊಡುತ್ತಾರೆ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಮನೆಯಲ್ಲಿ 19 ವರ್ಷದ ಹುಡುಗನೊಬ್ಬನಿಗೆ ಅಳತೆಮೀರಿ ಕುಡಿಸಿದರು. ಅವನು ಮೆಟ್ಟಿಲಿನಿಂದ ಬಿದ್ದ. ಮರುದಿನ ಬೆಳಗಿನವರೆಗೆ ಆಂಬುಲೆನ್ಸ್ ಕರೆಯಲು ಯಾರೂ ಮುಂದಾಗಲಿಲ್ಲ. ಅವನು ಉಳಿಯಲಿಲ್ಲ. ಆ ರಾಜ್ಯ ಮರುವರ್ಷವೇ ಅವನ ಹೆಸರಿನಲ್ಲಿ ಕಠಿಣ ಕಾನೂನು ತಂದಿತು. ಇಂಥ ಸಾವುಗಳು ಹೆಚ್ಚಾಗಿ ಹುಡುಗರ ಸಂಘಗಳಲ್ಲಿ ನಡೆದಿವೆ. ಹುಡುಗಿಯರ ಕಡೆ ಹಿಂಸೆ ಬಹುಮಟ್ಟಿಗೆ ಮಾತಿನದು, ಅವಮಾನದ್ದು, ದೇಹದ ಅಳತೆಯದು, ನಿದ್ದೆಗೆಡಿಸುವುದು. ಸಹಿಸಿಕೊಂಡರೆ ಮುಗಿಯುತ್ತದೆ ಎಂದು ಅವಳಿಗೆ ಯಾರಾದರೂ ಹೇಳಿದರೆ, ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ 2009ರಲ್ಲಿ ರ‍್ಯಾಗಿಂಗ್‌ನ ಮಾನಸಿಕ ಹಿಂಸೆಯನ್ನೂ ಶಿಕ್ಷಾರ್ಹವೆಂದು ನಿಯಮ ಮಾಡಿದ್ದನ್ನು ನೆನಪಿಸಿ.

ನಮ್ಮ ಬಣ್ಣದ ಹುಡುಗಿಗೆ ಜಾಗವಿದೆಯೇ ಎಂಬುದಕ್ಕೆ ಬರುತ್ತೇನೆ. ಕಾನೂನಿನಂತೆ ಇದೆ. ಇತ್ತೀಚೆಗೆ ಹಲವು ಸೊರೊರಿಟಿಗಳು ತಾಯಿ ಅಜ್ಜಿಯರ ಆಧಾರದ ಆದ್ಯತೆಯನ್ನು ಕೈಬಿಟ್ಟಿವೆ, ಭಾರತೀಯ ಮೂಲದ ಹುಡುಗಿಯರು ಎಷ್ಟೋ ಮನೆಗಳಲ್ಲಿ ಸುಖವಾಗಿದ್ದಾರೆ. ಆದರೂ ಯಾವ ಕೂದಲು, ಯಾವ ಉಡುಪು, ಯಾವ ಮಾತಿನ ಧಾಟಿ ಚೆಂದ ಎಂಬ ಅಳತೆಗೋಲು ಹಳೆಯದೇ. ನಿಮ್ಮ ಮಗಳನ್ನು ಒಪ್ಪಿಕೊಂಡ ಮನೆ, ಅವಳ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುತ್ತದೆಯೇ ಅಥವಾ ಚಿಕ್ಕದು ಮಾಡಿಕೋ ಎನ್ನುತ್ತದೆಯೇ ಎಂಬುದನ್ನು ಮೊದಲ ದಿನವೇ ಅವಳು ನೋಡಬಹುದು.

ಬೇರೆ ಬಗೆಯ ಮನೆಗಳೂ ಇವೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ಕಪ್ಪು ಜನರ ಒಂಬತ್ತು ಸಂಘಗಳನ್ನು ಒಟ್ಟಾಗಿ ‘ಡಿವೈನ್ ನೈನ್’ ಎನ್ನುತ್ತಾರೆ. ಅವುಗಳ ಅಂತಸ್ತಿನ ಬಗೆಯೇ ಬೇರೆ. ಡೆಲ್ಟಾ ಸಿಗ್ಮಾ ಥೀಟಾ ಹುಟ್ಟಿದ ಎರಡೇ ತಿಂಗಳಲ್ಲಿ, 1913ರ ಮಾರ್ಚ್ 3ರಂದು, ಅದರ ಹುಡುಗಿಯರು ವಾಷಿಂಗ್ಟನ್‌ನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದರು. ಮಾರ್ಟಿನ್ ಲೂಥರ್ ಕಿಂಗ್, ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇಬ್ಬರೂ ಆಲ್ಫಾ ಫೈ ಆಲ್ಫಾದವರು. ಅಲ್ಲಿ ಸದಸ್ಯತ್ವ ಜೀವಮಾನದ್ದು. ಅರವತ್ತರ ಅಜ್ಜಿಯರೂ ಶುಲ್ಕ ಕಟ್ಟಿ, ವಿದ್ಯಾರ್ಥಿವೇತನ ಕೊಟ್ಟು, ಮತದಾರರ ನೋಂದಣಿಗೆ ನಿಲ್ಲುತ್ತಾರೆ. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್, ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದವರು. 2024ರ ಚುನಾವಣೆಯಲ್ಲಿ ಆ ಸೋದರಿಯರ ಬಲವನ್ನು ಇಡೀ ದೇಶ ಕಂಡಿತು. ದಕ್ಷಿಣ ಏಷ್ಯಾದ ಮಕ್ಕಳೂ ತಮ್ಮ ಸಂಘ ಕಟ್ಟಿದ್ದಾರೆ. 1994ರಲ್ಲಿ ಬಿಂಗ್‌ಹ್ಯಾಮ್ಟನ್‌ನಲ್ಲಿ ಅಯೋಟಾ ನ್ಯೂ ಡೆಲ್ಟಾ ಹುಟ್ಟಿತು. 1998ರಲ್ಲಿ ನಿಮ್ಮ ಟೆಕ್ಸಾಸ್‌ನಲ್ಲೇ ಎರಡು ಸೊರೊರಿಟಿಗಳು ಹುಟ್ಟಿದವು: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗ್ಯಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ. ಅವುಗಳಿಗೆ ಬಹಳ ಕಡೆ ದೊಡ್ಡ ಮನೆಯಿಲ್ಲ, ಶುಲ್ಕವೂ ಕಡಿಮೆ, ದೊಡ್ಡ ಸಂಘಗಳವರು ಹೇಳುವ ದರ್ಜೆಯ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ. ಆದರೆ ಅಲ್ಲಿ ಮಗಳು ದೀಪಾವಳಿಗೆ ಮನೆ ನೆನೆದು ಮುಖ ಸಣ್ಣ ಮಾಡಿಕೊಂಡರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ, ಅಷ್ಟು. ನಮ್ಮವರೆಂದ ಮಾತ್ರಕ್ಕೆ ಸುರಕ್ಷಿತ ಎಂದೂ ತಿಳಿಯಬೇಡಿ. 2013ರಲ್ಲಿ ಪೈ ಡೆಲ್ಟಾ ಸೈ ಎಂಬ ಏಷ್ಯನ್ ಅಮೆರಿಕನ್ ಫ್ರೆಟರ್ನಿಟಿಯ ಹೇಜಿಂಗ್‌ನಲ್ಲಿ ನ್ಯೂಯಾರ್ಕ್‌ನ ವಿದ್ಯಾರ್ಥಿಯೊಬ್ಬ ಸತ್ತ. ನ್ಯಾಯಾಲಯ ಆ ಸಂಘವನ್ನೇ ಅಪರಾಧಿಯೆಂದು ತೀರ್ಮಾನಿಸಿ ಪೆನ್ಸಿಲ್ವೇನಿಯಾದಿಂದ ಹತ್ತು ವರ್ಷ ಹೊರಹಾಕಿತು.

ನನ್ನ ಸಲಹೆ ಕೇಳಿದರೆ, ತಡೆಯಬೇಡಿ. ರಶ್‌ಗೆ ಹೋಗಲಿ. ಆದರೆ ಹೋಗುವ ಮೊದಲು ವರ್ಷದ ಒಟ್ಟು ಖರ್ಚಿನ ಮಿತಿಯನ್ನು ಮೂವರೂ ಕುಳಿತು ನಿಶ್ಚಯಿಸಿ. ಶುಲ್ಕದ ಜೊತೆ ಉಡುಪು, ಉಡುಗೊರೆ, ಪ್ರವಾಸ, ದಂಡ ಇವನ್ನೂ ಸೇರಿಸಿ. ಯಾವ ಮನೆ ಮೇಲು ಎಂದು ಕೇಳುವ ಬದಲು, ಮೂರನೆಯ ವರ್ಷದ ಹುಡುಗಿಯರು ಅಲ್ಲಿ ಇನ್ನೂ ಉಳಿದಿದ್ದಾರೆಯೇ, ಅವರು ಏನು ಓದುತ್ತಿದ್ದಾರೆ, ರಾತ್ರಿ ಕಷ್ಟಕ್ಕೆ ಸಿಕ್ಕಿಕೊಂಡರೆ ಯಾರು ಕರೆದುಕೊಂಡು ಬರುತ್ತಾರೆ ಎಂದು ಕೇಳಲು ಹೇಳಿ. ಬಿಡ್ ಸಿಗದಿದ್ದರೆ ಅಥವಾ ಸಿಕ್ಕ ಮನೆ ಒಗ್ಗದಿದ್ದರೆ ಬಿಟ್ಟು ಬರುವುದಕ್ಕೆ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ ಎಂದು ಅವಳ ಅಪ್ಪನ ಬಾಯಿಂದಲೇ ಹೇಳಿಸಿ. ಅವರ ಆಸೆಯ ಭಾರ ಅವಳ ಮೇಲೆ ನಿಮಗಿಂತ ಹೆಚ್ಚು.

ಮತ್ತೊಂದು ಕೆಲಸ ಈಗಲೇ ಮಾಡಿ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ‘ಸ್ಟಾಪ್ ಕ್ಯಾಂಪಸ್ ಹೇಜಿಂಗ್’ ಕಾನೂನಿನಂತೆ, ಕೇಂದ್ರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ವಿಶ್ವವಿದ್ಯಾಲಯವೂ ಹೇಜಿಂಗ್‌ನಲ್ಲಿ ತಪ್ಪಿತಸ್ಥವೆಂದು ಕಂಡುಬಂದ ಸಂಘಗಳ ಹೆಸರು, ನಡೆದದ್ದೇನು, ಕೊಟ್ಟ ಶಿಕ್ಷೆಯೇನು ಎಂಬುದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಮಗಳ ಜೊತೆ ಕುಳಿತು ಆ ವರದಿಯನ್ನು ಓದಿ. ಅವಳು ಬಾಯಿತುಂಬ ಹೇಳುತ್ತಿರುವ ಮನೆಗಳ ಹೆಸರು ಅದರಲ್ಲಿದ್ದರೆ, ಆಗಸ್ಟ್‌ಗೆ ಮೊದಲೇ ಅವಳಿಗೆ ತಿಳಿದಿರುತ್ತದೆ.